ಘಾತಾಂಕವಿರುವ ಲೆಕ್ಕವನ್ನು ಬಿಡಿಸುವ ಕ್ರಮ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಮನೆಗಳಲ್ಲಿ ಸಂಜೆಯ ಪಾಠಕ್ಕೆ ಕುಳಿತ ಮಕ್ಕಳು ಲೆಕ್ಕದ ಕ್ರಿಯೆಗಳ ಕ್ರಮವನ್ನು ಸೂಚಿಸುವ ‘ಬೋಡ್‌ಮಾಸ್’ ಸೂತ್ರವನ್ನು ನಿರರ್ಗಳವಾಗಿ ಒಪ್ಪಿಸಬಲ್ಲರಾದರೂ, ಅಂಕಿಯೊಂದರ ಮೇಲ್ತುದಿಯಲ್ಲಿ ಪುಟ್ಟ ಘಾತಾಂಕವೊಂದು ಕಾಣಿಸಿಕೊಂಡೊಡನೆ ತಡವರಿಸುವುದುಂಟು. ಇದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ಆ ಸೂತ್ರದ ಎರಡನೆಯ ಅಕ್ಷರವನ್ನು ನಮ್ಮಲ್ಲಿ ‘ಆಫ್’ ಎಂದೇ ಹೇಳಿಕೊಡುವ ವಾಡಿಕೆಯಿರುವುದರಿಂದ, ವರ್ಗ ಘನಾದಿಗಳಿಗೆ ಅದರಲ್ಲಿ ಸ್ಥಾನವೇ ಇಲ್ಲದಂತಾಗಿದೆ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನಾದರೋ ವರ್ಗ, ವರ್ಗಮೂಲ, ಘನ, ಘನಮೂಲಗಳನ್ನು ಗುಣಾಕಾರ ಭಾಗಾಕಾರಗಳೊಡನೆ ಎಂಟು ಪರಿಕರ್ಮಗಳಲ್ಲಿ, ಎಂದರೆ ಗಣಿತದ ಮೂಲಕ್ರಿಯೆಗಳಲ್ಲಿ, ಎಣಿಸಿದ್ದನು. ಆ ಸ್ಥಾನವನ್ನು ಘಾತಕ್ರಿಯೆಗೆ ಮರಳಿ ಕೊಟ್ಟು ಲೆಕ್ಕ ಮಾಡುವ ಬಗೆಯನ್ನು ಇಲ್ಲಿ ನಿರೂಪಿಸಿದೆ.

ಉದಾಹರಣೆಗೆ 7 + 3 × (5 − 2)² − 2³ ÷ 4 ಎಂಬ ಉಕ್ತಿಯನ್ನು ತೆಗೆದುಕೊಳ್ಳೋಣ.

1. ಪ್ರಥಮತಃ ಆವರಣದೊಳಗಿನದನ್ನು ಬಿಡಿಸತಕ್ಕದ್ದು. 5 − 2 = 3 ಆದ್ದರಿಂದ ಉಕ್ತಿಯು 7 + 3 × 3² − 2³ ÷ 4 ಎಂದಾಗುತ್ತದೆ.

2. ತರುವಾಯ ಘಾತಗಳು. 3² = 9, 2³ = 8; ಆಗ 7 + 3 × 9 − 8 ÷ 4 ಉಳಿಯುತ್ತದೆ.

3. ಆಮೇಲೆ ಗುಣಾಕಾರ ಭಾಗಾಕಾರಗಳು. ಇವೆರಡೂ ಸಮಾನ ಪದವಿಯವಾದುದರಿಂದ ಎಡದಿಂದ ಬಲಕ್ಕೆ ಬಂದಂತೆ ಮಾಡಬೇಕು: 7 + 27 − 2.

4. ಕಡೆಯಲ್ಲಿ ಸಂಕಲನ ವ್ಯವಕಲನಗಳನ್ನು, ಅವೂ ಎಡದಿಂದ ಬಲಕ್ಕೆ, ಮುಗಿಸಿದರೆ ಉತ್ತರ 32.

ಒಂದು ಸಾಲಿಗೆ ಒಂದೇ ಹಂತವನ್ನು ಬರೆಯುವ ಶಿಸ್ತನ್ನು ಬಿಡಲಾಗದು. ಮನಸ್ಸಿನಲ್ಲೇ ಎರಡು ಹಂತಗಳನ್ನು ದಾಟುವಲ್ಲಿಯೇ ತಪ್ಪು ನುಸುಳುವುದು ಹೆಚ್ಚು.

ಘಾತಾಂಕವನ್ನು ಕಂಡೊಡನೆ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಇದು ಯಾವುದಕ್ಕೆ ಸೇರಿದ್ದು? ತನಗೆ ತಗುಲಿಕೊಂಡಿರುವ ಅಂಕಿಗೋ ಆವರಣಕ್ಕೋ ಮಾತ್ರ ಅದರ ಅಧಿಕಾರವೇ ಹೊರತು ಹಿಂದಿರುವ ಗುಣಕಕ್ಕೂ ಚಿಹ್ನೆಗೂ ಅದು ವಿಸ್ತರಿಸದು. ಆದಕಾರಣ 2 × 3² ಎಂಬುದು 18, 36 ಅಲ್ಲ. −3² ಎಂಬುದು −9, ಆದರೆ (−3)² ಎಂಬುದು 9. (2 + 3)² ಎಂಬುದು 5ರ ವರ್ಗವಾದ 25 ಆಗುವುದೇ ಹೊರತು, 2² + 3² ಎಂದು ಬಿಡಿಬಿಡಿಯಾಗಿ ಮಾಡಿದಾಗ ಬರುವ 13 ಆಗದು. ಘಾತಾಂಕಕ್ಕೇ ಮತ್ತೊಂದು ಘಾತಾಂಕವಿದ್ದಲ್ಲಿ ಮೇಲಿನದನ್ನು ಮೊದಲು ಬಿಡಿಸತಕ್ಕದ್ದು: 2ರ ಮೇಲೆ 3, ಆ 3ರ ಮೇಲೆ 2 ಇದ್ದರೆ ಅದು 2⁹, ಎಂದರೆ 512.

ಈ ಕ್ರಮವು ಪರೀಕ್ಷೆಯ ಅಂಕಗಳಿಗಷ್ಟೇ ಸಂಬಂಧಿಸಿದ್ದಲ್ಲ. ಸಹಕಾರಿ ಬ್ಯಾಂಕಿನಲ್ಲಿ 10,000 ರೂಪಾಯಿಯನ್ನು ವರ್ಷಕ್ಕೊಮ್ಮೆ ಕೂಡುವ ಶೇಕಡಾ 8ರ ಚಕ್ರಬಡ್ಡಿಯಲ್ಲಿ ಎರಡು ವರ್ಷ ಇಟ್ಟರೆ ಕೈಸೇರುವ ಮೊತ್ತ 10,000 × (1 + 8/100)². ಆವರಣದೊಳಗೆ ಭಾಗಾಕಾರ ಮೊದಲು, ಸಂಕಲನ ಅನಂತರ: 1.08. ಅದರ ವರ್ಗ 1.1664. ಕೊನೆಗೆ ಗುಣಿಸಿದರೆ 11,664 ರೂಪಾಯಿ. ಗುಣಾಕಾರವನ್ನೇ ಮೊದಲು ಮಾಡಿ 10,800ನ್ನು ವರ್ಗಿಸಿದವನಿಗೆ ದೊರೆಯುವುದು ಹನ್ನೊಂದು ಕೋಟಿಗೂ ಮಿಕ್ಕ ಸಂಖ್ಯೆ. ಆದ್ದರಿಂದ ಉತ್ತರ ಬಂದ ಮೇಲೆ ಅದು ಸಂಭವನೀಯವೇ ಎಂದು ಕ್ಷಣಕಾಲ ವಿವೇಚಿಸುವುದನ್ನೂ ಈ ವಿಧಾನದ ಕಡೆಯ ಹಂತವೆಂದೇ ಭಾವಿಸಿ, ಮಕ್ಕಳಿಗೆ ಮೊದಲಿನಿಂದಲೇ ರೂಢಿಮಾಡಿಸುವುದು ಯುಕ್ತ.