ಪವರ್ ಸ್ಟೇರಿಂಗ್ ಪಂಪು ಗೊಂಯ್‌ಗುಟ್ಟಿದರೆ ಮೊದಲು ಗಾಳಿ ಹುಡುಕಿ

ಪಂಪ್‌ಸೆಟ್ಟಿನ ಸದ್ದು ಕೇಳಿಯೇ 'ಸಕ್ಷನ್ ಪೈಪು ಗಾಳಿ ಎಳೀತಿದೆ' ಎಂದು ಹೇಳಬಲ್ಲ ಕೃಷಿಕರು ನಮ್ಮಲ್ಲಿ ಬಹಳ ಮಂದಿ. ಅದೇ ಕಿವಿಯನ್ನು ಕಾರಿನ ಬಾನೆಟ್ಟಿನೊಳಗೂ ಬಳಸಬಹುದು. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಗೊಂಯ್‌ಗುಟ್ಟುವ ಪವರ್ ಸ್ಟೇರಿಂಗ್ ಪಂಪಿನ ಕಾಯಿಲೆ ಎಷ್ಟೋ ಸಲ ಬಾವಿಕಟ್ಟೆಯ ಪಂಪಿನ ಕಾಯಿಲೆಯೇ.

ವಾರಕ್ಕೆರಡು ಸಲ ಸೊಪ್ಪು, ಬಾಳೆಗೊನೆ ತುಂಬಿಕೊಂಡು ಹಾರೋಹಳ್ಳಿ ಕಡೆಯಿಂದ ಕನಕಪುರ ರಸ್ತೆ ಹಿಡಿದು ಬನಶಂಕರಿ, ಜಯನಗರಕ್ಕೆ ಬರುವವನು ನಾನು. ನೇರ ರಸ್ತೆಯಲ್ಲಿ ಈ ಪಂಪಿಗೆ ಅಷ್ಟೇನೂ ಕೆಲಸವಿಲ್ಲ. ಅದರ ನಿಜವಾದ ದುಡಿಮೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಗಾಡಿ ನಿಲ್ಲಿಸಲು ಹಿಂದೆ ಮುಂದೆ ಮಾಡುವಾಗ, ಬಿಟಿಎಂ ಲೇಔಟಿನ ಅಡ್ಡರಸ್ತೆಗಳಲ್ಲಿ ತಿರುಗಿಸುವಾಗ. ನನ್ನ ಹಳೆ ಡೀಸೆಲ್ ಗಾಡಿ ಸದ್ದು ಶುರುಮಾಡಿದ್ದೂ ಅಲ್ಲೇ. ಜೆ.ಪಿ. ನಗರದ ಗ್ಯಾರೇಜೊಂದರಲ್ಲಿ "ಪಂಪು ಹೋಗಿದೆ, ಜೊತೆಗೆ ಸ್ಟೇರಿಂಗ್ ಬಾಕ್ಸೂ ಬದಲಿಸಿಬಿಡಿ" ಅಂದರು. ಹೇಳಿದ ಮೊತ್ತ ಒಂದು ಕೊಯ್ಲಿನ ಬಾಳೆ ಲಾಭವನ್ನು ನುಂಗುವಂಥದ್ದು. ಕೊನೆಗೆ ಬೇಕಾದದ್ದು ಒಂದು ಮೊಳ ರಬ್ಬರ್ ಹೋಸು, ಎರಡು ಕ್ಲಿಪ್ಪು, ಒಂದು ಲೀಟರ್ ಆಯಿಲ್. ಆ ಹುಡುಕಾಟದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಒಳಗೇನಿದೆ?

ಕಾರುಗಳಲ್ಲಿ ಪವರ್ ಸ್ಟೇರಿಂಗ್ ಮಾರಾಟಕ್ಕೆ ಬಂದದ್ದು 1951ರಲ್ಲಿ, ಅಮೆರಿಕದ ಕ್ರೈಸ್ಲರ್ ಕಂಪೆನಿಯಿಂದ. ಎಣ್ಣೆಯ ಪದ್ಧತಿಯ ಮೂಲತತ್ವ ಇಂದಿಗೂ ಅದೇ. ಇಂಜಿನ್ನಿನ ಬೆಲ್ಟು ಪಂಪನ್ನು ತಿರುಗಿಸುತ್ತದೆ. ಪಂಪಿನೊಳಗೆ ಮೊಟ್ಟೆಯಾಕಾರದ ಬಳೆ, ನಡುವೆ ಸಣ್ಣ ಪಟ್ಟಿಗಳಿರುವ ಚಕ್ರ. ಇದು ಡಬ್ಬಿಯಿಂದ ಆಯಿಲ್ ಎಳೆದು ಒತ್ತಡದಲ್ಲಿ ಸ್ಟೇರಿಂಗ್ ಬಾಕ್ಸಿಗೆ ಕಳಿಸುತ್ತದೆ. ಕೆಲಸ ಮುಗಿಸಿದ ಆಯಿಲ್ ಡಬ್ಬಿಗೆ ವಾಪಸ್. ಕಾರಿನ ಟಯರಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ ಒತ್ತಡ ಇದ್ದರೆ, ಸ್ಟೇರಿಂಗನ್ನು ಕೊನೆತನಕ ತಿರುಗಿಸಿ ಹಿಡಿದಾಗ ಇಲ್ಲಿ 60-70 ಕಿಲೋ ದಾಟುವುದೂ ಉಂಟು.

ಈಗಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಕರೆಂಟಿನ ಮೋಟಾರಿನವು. ಬಾನೆಟ್ಟಿನೊಳಗೆ ಸ್ಟೇರಿಂಗ್ ಆಯಿಲ್ ಡಬ್ಬಿ ಇಲ್ಲವೆಂದರೆ ಈ ಲೇಖನ ನಿಮ್ಮ ಗಾಡಿಗೆ ಅನ್ವಯಿಸದು.

ಸದ್ದು ಗುರುತಿಸಿ

'ಕಿರ್ರ್' ಎಂದು ಕಿವಿಗೆ ಚುಚ್ಚುವ ಸದ್ದು, ಅದೂ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಅಥವಾ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಬಂದರೆ, ಅದು ಸಾಮಾನ್ಯವಾಗಿ ಬೆಲ್ಟು. ಸಡಿಲವಾಗಿದೆಯೇ, ಹೊಳಪು ಬಂದಿದೆಯೇ, ಬಿರುಕಿದೆಯೇ ನೋಡಿ. ಕೆಲವು ಗಾಡಿಗಳಲ್ಲಿ ಇದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುತ್ತದೆ. ತುಂಡಾದರೆ ಇಂಜಿನ್ನೂ ಕುದಿಯುತ್ತದೆ.

'ಗೊಂಯ್' ಎಂಬ ಸದ್ದು ತಿರುಗಿಸಿದಾಗ ಜಾಸ್ತಿಯಾಗಿ, ಎಕ್ಸಲರೇಟರ್ ಜೊತೆ ಏರಿದರೆ ಆಯಿಲ್ ಕೊರತೆ ಅಥವಾ ಗಾಳಿಯ ಸಂಶಯ. ತಿರುಗಿಸಲಿ ಬಿಡಲಿ ಒಂದೇ ಸಮ 'ಗರಗರ' ಎಂದರೆ ಬೇರಿಂಗಿನ ಕಡೆ ಗಮನ ಕೊಡಿ.

ಗಾಳಿ ಹುಡುಕುವ ಕ್ರಮ

ಮೊದಲು ಡಬ್ಬಿಯ ಮಟ್ಟ ನೋಡಿ. ಕಡಿಮೆ ಇದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಈ ಆಯಿಲ್ ಇಂಜಿನ್ ಆಯಿಲಿನಂತೆ ಉರಿದು ಹೋಗುವಂಥದ್ದಲ್ಲ.

ಎರಡನೆಯದು ನೊರೆ. ಇಂಜಿನ್ ಓಡಿಸಿ, ಒಬ್ಬರು ಸ್ಟೇರಿಂಗ್ ತಿರುಗಿಸಲಿ. ಆಫ್ ಮಾಡಿ ಮುಚ್ಚಳ ತೆಗೆದು ನೋಡಿ. ಕೆಂಪು ಆಯಿಲ್ ಮೇಲೆ ಗುಳ್ಳೆ, ಅಥವಾ ಮಜ್ಜಿಗೆ ಕಲಸಿದಂಥ ಬಣ್ಣ ಕಂಡರೆ ಗಾಳಿ ಸೇರಿದೆ.

ಮೂರನೆಯದೇ ಮುಖ್ಯ. ಡಬ್ಬಿಯಿಂದ ಪಂಪಿಗೆ ಹೋಗುವ ದಪ್ಪ ಹೋಸು ಎಳೆಯುವ ಕಡೆಯದು. ಒತ್ತಡದ ಕಡೆ ಬಿರುಕಾದರೆ ಆಯಿಲ್ ಹೊರಗೆ ಚಿಮ್ಮಿ ಕಾಣುತ್ತದೆ. ಎಳೆಯುವ ಕಡೆ ಬಿರುಕಾದರೆ ಒಂದು ಹನಿಯೂ ಬೀಳದೆ ಗಾಳಿ ಒಳಹೋಗಬಹುದು. ಹಾಗಾಗಿ 'ಲೀಕೇ ಇಲ್ಲ, ಪಂಪೇ ಹೋಗಿರೋದು' ಎಂಬ ತೀರ್ಮಾನ ಸುಲಭವಾಗಿ ಹುಟ್ಟುತ್ತದೆ. ನನ್ನ ಗಾಡಿಯಲ್ಲಿ ಡಬ್ಬಿಯ ಕೆಳಗಿನ ಹೋಸಿನ ತುದಿ ಬಿಸಿಗೆ ಒಣಗಿ ಕಟ್ಟಿಗೆಯಂತಾಗಿತ್ತು. ಕ್ಲಿಪ್ ಬಿಗಿ ಮಾಡಿದರೂ ಹಿಡಿಯಲಿಲ್ಲ. ಜೆ.ಸಿ. ರಸ್ತೆಯಲ್ಲಿ ಅದೇ ಅಳತೆಯ ಆಯಿಲ್ ಹೋಸು ಸಿಕ್ಕಿತು. ನೀರಿನ ಹೋಸು ಹಾಕಬೇಡಿ, ಆಯಿಲಿಗೆ ಉಬ್ಬಿ ಹಾಳಾಗುತ್ತದೆ.

ನಾಲ್ಕನೆಯದು ಡಬ್ಬಿಯೊಳಗಿನ ಜಾಲರಿ. ಕೊಳೆ ಕಟ್ಟಿದರೆ, ಕಸ ತುಂಬಿದ ಫುಟ್‌ವಾಲ್ವಿನ ಹಾಗೆ ಪಂಪಿಗೆ ಆಯಿಲ್ ಸಿಗದೆ ಒದ್ದಾಡುತ್ತದೆ. ಜಾಲರಿ ಬಿಚ್ಚಲು ಬಾರದಿದ್ದರೆ ಡಬ್ಬಿಯನ್ನೇ ಬದಲಿಸಬೇಕು.

ಆಯಿಲ್ ಬದಲು, ಗಾಳಿ ಹೊರಕ್ಕೆ

ಯಾವ ಆಯಿಲ್ ಎಂಬುದನ್ನು ಡಬ್ಬಿಯ ಮುಚ್ಚಳದ ಮೇಲೆ ಅಥವಾ ಗಾಡಿಯ ಪುಸ್ತಕದಲ್ಲಿ ನೋಡಿಯೇ ಕೊಳ್ಳಿ. ಬ್ರೇಕ್ ಆಯಿಲ್ ಎಂದಿಗೂ ಬೇಡ, ಸೀಲುಗಳು ಹಾಳಾಗುತ್ತವೆ. ಆಯಿಲ್ ಕಪ್ಪಾಗಿದ್ದರೆ ದೊಡ್ಡ ಸಿರಿಂಜಿನಿಂದ ಡಬ್ಬಿ ಖಾಲಿ ಮಾಡಿ ಹೊಸದು ತುಂಬಿ. ಒಂದೆರಡು ದಿನ ಓಡಿಸಿ ಮತ್ತೆ ಹಾಗೇ ಮಾಡಿ. ಮೂರು ನಾಲ್ಕು ಸಲಕ್ಕೆ ಹೆಚ್ಚಿನಂಶ ಹೊಸದಾಗುತ್ತದೆ.

ಗಾಳಿ ತೆಗೆಯಲು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಎರಡೂ ಚಕ್ರ ಎತ್ತಿ. ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಇಂಜಿನ್ ಆಫ್ ಇರುವಾಗಲೇ ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನ 15-20 ಸಲ ತಿರುಗಿಸಿ. ಗುಳ್ಳೆ ಏಳುತ್ತದೆ, ಮಟ್ಟ ಇಳಿಯುತ್ತದೆ, ತುಂಬುತ್ತಾ ಇರಿ. ಗುಳ್ಳೆ ನಿಂತ ಮೇಲೆ ಚಕ್ರ ಇಳಿಸಿ ಸ್ಟಾರ್ಟ್ ಮಾಡಿ, ನಾಲ್ಕೈದು ಸಲ ತಿರುಗಿಸಿ. ಕೊನೆಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ. ನೊರೆ ಉಳಿದಿದ್ದರೆ ಗಾಡಿಯನ್ನು ಒಂದೆರಡು ಗಂಟೆ ಬಿಟ್ಟು ಮತ್ತೆ ಮಾಡಿ.

ನಿಜವಾಗಿ ಪಂಪೇ ಹೋಗಿದ್ದರೆ?

ಇಷ್ಟಾದರೂ ಸದ್ದು ನಿಲ್ಲದಿದ್ದರೆ, ಇಂಜಿನ್ ಆಫ್ ಮಾಡಿ ಬೆಲ್ಟು ತೆಗೆದು ಪಂಪಿನ ಪುಲ್ಲಿಯನ್ನು ಕೈಯಲ್ಲಿ ಅಲುಗಿಸಿ. ಆಟ ಇದ್ದರೆ, ಒರಟಾಗಿ ತಿರುಗಿದರೆ ಬೇರಿಂಗ್ ಹೋಗಿದೆ. ಹಳೆ ಆಯಿಲಿನಲ್ಲಿ ಕಬ್ಬಿಣದ ಹೊಳೆಯುವ ಪುಡಿ ಕಂಡರೂ ಪಂಪು ಸವೆದಿದೆ. ಆಗ ಲೈನು ಪೂರ್ತಿ ತೊಳೆಸದೆ ಹೊಸ ಪಂಪು ಕೂರಿಸಬೇಡಿ. ಆ ಪುಡಿ ಹೊಸದನ್ನೂ ತಿನ್ನುತ್ತದೆ.

ಇಂಜಿನ್ ಓಡುವಾಗ ಪಂಚೆ, ಟವೆಲ್ಲು ಬೆಲ್ಟಿನಿಂದ ದೂರ ಇರಲಿ. ಒತ್ತಡದ ಹೋಸಿನ ಸೋರಿಕೆಯನ್ನು ಬೆರಳಿಟ್ಟು ನೋಡಬೇಡಿ, ರಟ್ಟು ಹಿಡಿದು ನೋಡಿ. ಸಣ್ಣ ತೂತಿನಿಂದ ಚಿಮ್ಮುವ ಆಯಿಲ್ ಚರ್ಮ ತೂರಬಲ್ಲದು. ಸದ್ದು ಇದ್ದಂತೆಯೇ ಭಾರ ಹೇರಿ ಘಾಟಿ ಇಳಿಯುವುದೂ ಬೇಡ. ಪಂಪು ನಿಂತರೆ ಚಕ್ರ ತಿರುಗುವುದೇನೋ ತಿರುಗುತ್ತದೆ. ಆದರೆ ತಿರುವಿನ ನಡುವೆ ಸ್ಟೇರಿಂಗ್ ಏಕಾಏಕಿ ಭಾರವಾದರೆ ಸಾವರಿಸಿಕೊಳ್ಳಲು ಸಮಯ ಸಿಗದು.