ಪುಟದ ಅಡಿಯ ಮಾತು

ಮಕ್ಕಳೇ, ಕರ್ನೂಲು ಜಿಲ್ಲೆಯ ಚಿಪ್ಪಗಿರಿಯ ಹೆಸರನ್ನು ನೀವು ಕೇಳಿರಬಹುದು. ಆ ಊರನ್ನು ಕುರಿತು ನಿಮ್ಮ ತರಗತಿಯವರು ಒಂದು ಪುಟ ಬರೆದು ಶಾಲೆಯ ಗೋಡೆಗೆ ಅಂಟಿಸಬೇಕು ಎಂದಿಟ್ಟುಕೊಳ್ಳಿ. ಕಂಪ್ಯೂಟರಿನಲ್ಲಿ ಹೀಗೆ ಬರೆದಿರಿ:

"ವಿಜಯದಾಸರು 1682ರಲ್ಲಿ ರಾಯಚೂರು ಜಿಲ್ಲೆಯ ಚೀಕಲಪರವಿಯಲ್ಲಿ ಹುಟ್ಟಿದರು. ಅನೇಕ ಸುಳಾದಿಗಳನ್ನು ರಚಿಸಿದರು. ಅವರ ಅಂಕಿತ ವಿಜಯವಿಠಲ. 1755ರಲ್ಲಿ ಅವರು ಚಿಪ್ಪಗಿರಿಯಲ್ಲಿ ದೇಹ ಬಿಟ್ಟರು."

ಬರೆದ ನಿಮಗೆ ಇದೆಲ್ಲ ತಿಳಿದಿದೆ. ಆದರೆ ಗೋಡೆಯ ಮುಂದೆ ನಿಂತು ಓದುವ ಮೂರನೆಯ ತರಗತಿಯ ಹುಡುಗಿಗೆ ಸುಳಾದಿ ಎಂದರೆ ಏನೆಂದು ತಿಳಿಯುವುದು ಹೇಗೆ? ಅರ್ಥವನ್ನು ವಾಕ್ಯದ ನಡುವೆಯೇ ತುರುಕಿದರೆ ವಾಕ್ಯ ಉದ್ದವಾಗಿ ಓದು ತಡವರಿಸುತ್ತದೆ. ಅರ್ಥವನ್ನು ಬಿಟ್ಟೇಬಿಟ್ಟರೆ ಹುಡುಗಿ ಆ ಪದವನ್ನು ದಾಟಿ ಹೋಗುತ್ತಾಳೆ. ಅದಕ್ಕಾಗಿಯೇ ಅಡಿಟಿಪ್ಪಣಿ ಇದೆ. ಪದದ ಮೇಲೆ ಒಂದು ಚಿಕ್ಕ ಅಂಕಿ, ಪುಟದ ಕೆಳಗೆ ಅದೇ ಅಂಕಿಯ ಮುಂದೆ ವಿವರಣೆ:

¹ ಸುಳಾದಿ: ಒಂದೊಂದು ಭಾಗವನ್ನು ಒಂದೊಂದು ತಾಳದಲ್ಲಿ ಹಾಡುವ ರಚನೆ.
² ಅಂಕಿತ: ರಚನೆಯ ಕೊನೆಯಲ್ಲಿ ಬರುವ ಗುರುತಿನ ಹೆಸರು.

ಲಿಬ್ರೆ ಆಫೀಸ್ ರೈಟರ್‌ನಲ್ಲಿ ಇದನ್ನು ಹಾಕುವುದು ಸುಲಭ. ಪದದ ಕೊನೆಯಲ್ಲಿ ಕರ್ಸರ್ ಇಡಿ. ಇನ್ಸರ್ಟ್ ಪಟ್ಟಿಯಲ್ಲಿ ಫುಟ್‌ನೋಟ್ ಆರಿಸಿ. ಅಂಕಿ ತಾನೇ ಬರುತ್ತದೆ, ಕರ್ಸರ್ ಪುಟದ ಅಡಿಗೆ ಇಳಿಯುತ್ತದೆ. ಅಂಕಿಯನ್ನು ನೀವೇ ಒತ್ತಬೇಡಿ! ನಡುವೆ ಹೊಸದೊಂದು ಟಿಪ್ಪಣಿ ಸೇರಿಸಿದರೆ ಕಂಪ್ಯೂಟರ್ ಮುಂದಿನ ಅಂಕಿಗಳನ್ನೆಲ್ಲ ತಾನೇ ಸರಿಪಡಿಸುತ್ತದೆ. ಕೈಯಿಂದ ಒತ್ತಿದ ಅಂಕಿಗಳನ್ನು ನೀವೇ ಒಂದೊಂದಾಗಿ ತಿದ್ದಬೇಕಾಗುತ್ತದೆ. ಟಿಪ್ಪಣಿ ಬೇಡವಾದರೆ ಮೇಲಿನ ಅಂಕಿಯನ್ನು ಅಳಿಸಿ. ಕೆಳಗಿನ ಮಾತೂ ಹೋಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಟಿಪ್ಪಣಿಯ ಅಕ್ಷರಗಳು ರೈಟರ್‌ನಲ್ಲಿ ಮೊದಲು 10 ಪಾಯಿಂಟ್ ಗಾತ್ರದಲ್ಲಿ ಬರುತ್ತವೆ. ಇಂಗ್ಲಿಷಿಗೆ ಅದು ಸಾಕು. ಕನ್ನಡಕ್ಕೆ ಒತ್ತಕ್ಷರ ಇದೆಯಲ್ಲವೇ? 'ಚಿಪ್ಪಗಿರಿ'ಯ ಪ ಒತ್ತು, 'ಕಟ್ಟೆ'ಯ ಟ ಒತ್ತು ಸಾಲಿನ ಕೆಳಗೆ ಇಳಿಯುತ್ತವೆ. ಅಕ್ಷರ ಚಿಕ್ಕದಾದಷ್ಟೂ ಒತ್ತು ಇನ್ನೂ ಚಿಕ್ಕದಾಗಿ ಚುಕ್ಕೆಯಂತೆ ಕಾಣುತ್ತದೆ. ನಿಮ್ಮ ಅಜ್ಜಿ ಕನ್ನಡಕ ಹಾಕಿಕೊಂಡರೂ ಅದನ್ನು ಓದಲಾರರು. ಆದುದರಿಂದ ಮೇಲಿನ ಬರಹ 14 ಪಾಯಿಂಟ್ ಇದ್ದರೆ ಟಿಪ್ಪಣಿ 12 ಇರಲಿ. ಹಾಳೆ ಉಳಿಸಲು ಅಕ್ಷರ ಕುಗ್ಗಿಸುವುದು ನನಗೆ ಸರಿಕಾಣದು. ಬೇಕಾದರೆ ಮಾತನ್ನೇ ಕಡಿಮೆ ಮಾಡಿ.

ಒಂದೊಂದು ಟಿಪ್ಪಣಿಯನ್ನೂ ಬೇರೆಬೇರೆಯಾಗಿ ತಿದ್ದಬೇಕಾಗಿಲ್ಲ. ಯಾವುದಾದರೂ ಒಂದು ಟಿಪ್ಪಣಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಅದರ ಪ್ಯಾರಾಗ್ರಾಫ್ ಸ್ಟೈಲ್ ತೆರೆಯಿರಿ. ಅಲ್ಲಿ ಬದಲಿಸಿದ್ದು ಎಲ್ಲ ಟಿಪ್ಪಣಿಗಳಿಗೂ ತಗಲುತ್ತದೆ. ಇಲ್ಲೊಂದು ತೊಡಕು ಇದೆ. ಗಾತ್ರ ಬದಲಿಸುವ ಜಾಗ ಒಂದಕ್ಕಿಂತ ಹೆಚ್ಚು ಇರುತ್ತದೆ. ಮೊದಲನೆಯದು ಇಂಗ್ಲಿಷ್ ಅಕ್ಷರಗಳದು. ಅದನ್ನು ಎಷ್ಟು ಬದಲಿಸಿದರೂ ಕನ್ನಡ ಕದಲುವುದಿಲ್ಲ! 'ಕಾಂಪ್ಲೆಕ್ಸ್' ಅಥವಾ 'ಸಿಟಿಎಲ್' ಎಂದು ಬರೆದಿರುವುದು ಕನ್ನಡದಂಥ ಲಿಪಿಗಳ ಜಾಗ. ಅಲ್ಲಿಯೇ 12 ಎಂದು ಕೊಡಿ. ಸಾಲುಗಳ ಅಂತರಕ್ಕೆ 'ಫಿಕ್ಸೆಡ್' ಎಂಬುದನ್ನು ಆರಿಸಬೇಡಿ. ಅಂತರ ಕಡಿಮೆಯಾದರೆ ಒತ್ತಕ್ಷರದ ತುದಿ ಕತ್ತರಿಸಿ ಹೋಗುತ್ತದೆ.

ಅಂಕಿಗಳು 1, 2, 3 ಇರಲೋ, ೧, ೨, ೩ ಇರಲೋ? ಕನ್ನಡ ಅಂಕಿ ಚೆಂದವೇ. ಆದರೆ ಹತ್ತನೆಯ ಟಿಪ್ಪಣಿಗೆ ಬಂದಾಗ ೧೦ರಲ್ಲಿರುವ ಸೊನ್ನೆ ಚಿಕ್ಕದಾಗಿ ಪದದ ಪಕ್ಕದಲ್ಲಿ ಕುಳಿತರೆ ಅನುಸ್ವಾರದಂತೆ ಕಾಣುತ್ತದೆ. ಮಕ್ಕಳು ಓದುವ ಪುಟದಲ್ಲಿ 1, 2, 3 ಇರುವುದೇ ಲೇಸು.

ಬರಹ ಒಂದು ಪುಟಕ್ಕೆ ಮುಗಿಯದೆ ಹತ್ತು ಪುಟದ ಪುಸ್ತಿಕೆಯಾದರೆ ಟಿಪ್ಪಣಿಗಳನ್ನು ಎಲ್ಲಿ ಇಡಬೇಕು? ಟೂಲ್ಸ್ ಪಟ್ಟಿಯಲ್ಲಿ ಫುಟ್‌ನೋಟ್ ಹೊಂದಿಕೆಯನ್ನು ತೆರೆದರೆ ಪುಟದ ಕೊನೆಗೋ ಬರಹದ ಕೊನೆಗೋ ಎಂದು ಆರಿಸಬಹುದು. ಪ್ರತಿ ಪುಟದಲ್ಲೂ 1ರಿಂದ ಎಣಿಸಬೇಕೆ ಎಂಬುದನ್ನೂ ಅಲ್ಲಿಯೇ ಹೇಳಬಹುದು. ಬರಹದ ಕೊನೆಯಲ್ಲಿ ಬರುವುದು ಕೊನೆಟಿಪ್ಪಣಿ. ಪದದ ಅರ್ಥಕ್ಕಾಗಿ ಹಾಳೆ ಮಗುಚಿ ಹಿಂದಕ್ಕೆ ಬರುವಷ್ಟರಲ್ಲಿ ಓದುತ್ತಿದ್ದ ಸಾಲು ತಪ್ಪುತ್ತದೆ. ಆದುದರಿಂದ ಪದದ ಅರ್ಥಗಳು ಪುಟದ ಅಡಿಯಲ್ಲೇ ಇರಲಿ. ಅರ್ಧ ಪುಟ ನುಂಗುವಂಥ ಉದ್ದನೆಯ ವಿವರಣೆ ಇದ್ದರೆ ಕೊನೆಗೆ ಹೋಗಲಿ.

ಅಭ್ಯಾಸ

1. ಚಿಪ್ಪಗಿರಿಯ ಪುಟಕ್ಕೆ ಇನ್ನೊಂದು ವಾಕ್ಯ ಸೇರಿಸಿ: "ಕಾರ್ತಿಕ ಶುದ್ಧ ದಶಮಿಯಂದು ವಿಜಯದಾಸರ ಆರಾಧನೆ ನಡೆಯುತ್ತದೆ." 'ಆರಾಧನೆ' ಪದಕ್ಕೆ ನಿಮ್ಮ ಮನೆಯ ಹಿರಿಯರನ್ನು ಕೇಳಿ ಅಡಿಟಿಪ್ಪಣಿ ಬರೆಯಿರಿ.
2. ಟಿಪ್ಪಣಿಯನ್ನು 8, 10, 12 ಪಾಯಿಂಟ್‌ಗಳಲ್ಲಿ ಮುದ್ರಿಸಿ. ಹಾಳೆಯನ್ನು ಗೋಡೆಗೆ ಅಂಟಿಸಿ ಎರಡು ಹೆಜ್ಜೆ ದೂರ ನಿಂತು ಓದಿ. ಯಾವುದರಲ್ಲಿ ಒತ್ತಕ್ಷರ ಸ್ಪಷ್ಟವಾಗಿ ಕಾಣುತ್ತದೆ?