ತುತ್ತು ಎದೆಯಲ್ಲೇ ನಿಂತರೆ

ಮುದ್ದೆ ಹೋಗಲಿ, ಗಂಜಿ ಕುಡಿದರೂ ಎದೆಯ ನಡುವೆ ಸಿಕ್ಕಿಕೊಂಡಂತಾಗುತ್ತಿದೆಯೇ? ರಾತ್ರಿ ಉಂಡದ್ದು ಹುಳಿಯೂ ಆಗದೆ ಹಾಗೆಯೇ ಬಾಯಿಗೆ ಬಂದು ದಿಂಬು ಒದ್ದೆಯಾಗುತ್ತಿದೆಯೇ? ಗ್ಯಾಸ್ ಎಂದು ಮಾತ್ರೆ ನುಂಗುತ್ತಾ ವರ್ಷ ಕಳೆಯಬೇಡಿ. ಅನ್ನನಾಳದ ಕೆಳತುದಿಯ ಸ್ನಾಯು ನುಂಗುವಾಗ ಸಡಿಲವಾಗದ ಅಕಲೇಸಿಯಾ ಇರಬಹುದು. ಎಂಡೋಸ್ಕೋಪಿಯಲ್ಲಿ ಏನೂ ಕಾಣಲಿಲ್ಲವೆಂದು ಸುಮ್ಮನಾಗದೆ ಮ್ಯಾನೊಮೆಟ್ರಿ ಬಗ್ಗೆ ಕೇಳಿ. ಮೂಗಿನಿಂದ ತೆಳುವಾದ ನಳಿಕೆ ಇಳಿಸಿ, ಗುಟುಕು ಗುಟುಕಾಗಿ ನೀರು ಕುಡಿಸಿ ಆ ಸ್ನಾಯುವಿನ ಒತ್ತಡ ಅಳೆಯುತ್ತಾರೆ. ಗಂಟಲು ಕೆರೆಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ನಿಜ. ಆದರೆ ಕಾಯಿಲೆಯ ಬಗೆ ತಿಳಿದು ಚಿಕಿತ್ಸೆ ನಿರ್ಧಾರವಾಗುವುದು ಇದರಿಂದಲೇ. ಬಿಗಿದ ಸ್ನಾಯುವನ್ನು ಸೀಳುವ ಶಸ್ತ್ರಚಿಕಿತ್ಸೆಯನ್ನು 1913ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ ಮಾಡಿ ತೋರಿಸಿದರು. ಈಗ ಸಣ್ಣ ರಂಧ್ರಗಳ ಮೂಲಕವೇ ಮುಗಿಸುತ್ತಾರೆ. ಆಮೇಲೆ ಆಮ್ಲ ಮೇಲೇರದಂತೆ ಜಠರದ ಮಡಿಕೆ ಹೊದಿಸುತ್ತಾರೆಯೇ ಎಂದು ಮೊದಲೇ ವೈದ್ಯರನ್ನು ಕೇಳಿ.